ಬರ್ಗರಿನ ಹೊಟ್ಟೆಯಲ್ಲಿ ಬೆಲ್ಲ

"ಎಲ್ಲಾರೂ ಕುಂತೀರೇನಪ್ಪಾ?"

ಈ ಮಾತನ್ನು ಕೇಳದೆ ಕಾಳಪ್ಪನ ಬಸ್ಸು ಒಂದು ದಿನವೂ ಹೊರಟದ್ದಿಲ್ಲ. ಯಶವಂತನಗರದ ಗಣಿ ಕಂಪನಿಯ ಬಸ್ಸನ್ನು ಅವನು ಮೂವತ್ತು ವರ್ಷ ಓಡಿಸಿದನು. ಪಾಳಿ ಮುಗಿಸಿ ಮೈತುಂಬ ಕೆಂಪು ಧೂಳು ಮೆತ್ತಿಕೊಂಡು ಬಂದ ಕೆಲಸಗಾರರು ಬಸ್ಸು ಹತ್ತುತ್ತಿದ್ದರು. ಕಾಳಪ್ಪನು ಕನ್ನಡಿಯಲ್ಲಿ ನೋಡುತ್ತಿದ್ದನು. ಒಬ್ಬನು ನಿಂತಿದ್ದರೂ ಗೇರು ಹಾಕುತ್ತಿರಲಿಲ್ಲ. "ನಿಂತಾವ್ರನ್ನ ಕರಕೊಂಡು ಹೋಗಾಕ ಇದೇನು ಕುರಿ ಲಾರಿ ಅಲ್ಲ. ಕುಂದ್ರು, ಆಮ್ಯಾಲೆ ಗಾಡಿ," ಎನ್ನುತ್ತಿದ್ದನು. ಸಾಹೇಬರು ಅವಸರಪಡಿಸಿದರೂ ಅಷ್ಟೇ, ಮಳೆ ಬಂದರೂ ಅಷ್ಟೇ.

ನಿವೃತ್ತನಾದ ಮೇಲೂ ಈ ಪದ್ಧತಿ ಅವನನ್ನು ಬಿಡಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೆ, ಎದುರು ಸಾಲಿನ ಕೊನೆಯವನು ಕೂರುವ ತನಕ ಅವನು ಅನ್ನಕ್ಕೆ ಕೈ ಹಚ್ಚುತ್ತಿರಲಿಲ್ಲ. ಮನೆಯಲ್ಲಿ ಟಿ.ವಿ. ಹಚ್ಚುವುದಕ್ಕೆ ಮುಂಚೆಯೂ ಹಿಂತಿರುಗಿ ಒಮ್ಮೆ ನೋಡುತ್ತಿದ್ದನು. ಅವನ ಹೆಂಡತಿ ಊರಮ್ಮನು ಇದನ್ನು ನೋಡಿ ನೋಡಿ, "ಇವ್ರು ಸತ್ತ ಮ್ಯಾಲೂ ಹೊತ್ತವ್ರು ಕುಂದ್ರೋತನ ಮ್ಯಾಲೆ ಹೋಗಂಗಿಲ್ಲ," ಎಂದು ನೆರೆಯವರಿಗೆ ಹೇಳುತ್ತಿದ್ದಳು.

ಇಷ್ಟೆಲ್ಲ ಜನರನ್ನು ಕೂರಿಸಿದ ಕಾಳಪ್ಪನಿಗೆ ಒಬ್ಬಳನ್ನು ಮಾತ್ರ ಕೂರಿಸಲು ಆಗಿರಲಿಲ್ಲ. ಅವಳು ಅವನ ಅಕ್ಕ ಜಂಬವ್ವ.

ಜಂಬವ್ವನನ್ನು ಕಂಪ್ಲಿಯ ಕಡೆ ಎಮ್ಮಿಗನೂರಿಗೆ ಕೊಟ್ಟಿತ್ತು. ಪ್ರತಿ ವರ್ಷ ಭತ್ತದ ಸುಗ್ಗಿ ಮುಗಿದ ಮೇಲೆ, ಬಿಸಿಲು ಹಿತವಾಗಿರುವ ದಿನಗಳಲ್ಲಿ ಅವಳು ತವರಿಗೆ ಬರುತ್ತಿದ್ದಳು. ಎಮ್ಮಿಗನೂರಿನಿಂದ ಕಂಪ್ಲಿ, ಕಂಪ್ಲಿಯಿಂದ ಹೊಸಪೇಟೆ, ಹೊಸಪೇಟೆಯಿಂದ ಸಂಡೂರು ದಾಟಿ ಯಶವಂತನಗರಕ್ಕೆ, ಇಷ್ಟು ಬಸ್ಸುಗಳನ್ನು ಬದಲಿಸಿ, ತಲೆಯ ಮೇಲೆ ಹೊಸ ಅಕ್ಕಿಯ ಚೀಲ ಹೊತ್ತು ಇಳಿಯುತ್ತಿದ್ದಳು. ಬಂದವಳು ಕಾಲು ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರವಾಗಿ ಅಡಿಗೆ ಮನೆಗೆ ನುಗ್ಗುವಳು. "ಸರಿಯವ್ವ ಆಕಡಿ, ನಾ ಬಡೀತೀನಿ ರೊಟ್ಟಿ," ಎಂದು ಊರಮ್ಮನನ್ನು ಎಬ್ಬಿಸುವಳು. ಎಲ್ಲರಿಗೂ ಬಡಿಸಿ, ಎಲ್ಲರೂ ಕೈ ತೊಳೆದ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಒಲೆಯ ಪಕ್ಕ ನಿಂತೇ ತಿನ್ನುವಳು. ಹೊರಡುವ ದಿನ ಊರಮ್ಮನು ಖಣ, ಕೊಬ್ಬರಿ, ಅಕ್ಕಿ ಹಾಕಿ ಉಡಿ ತುಂಬಿ ಕಳಿಸುವಳು. ಉಡಿ ತುಂಬಿದ್ದನ್ನು ಎಲ್ಲರೂ ನೋಡುತ್ತಿದ್ದರು, ಅವಳ ಹೊಟ್ಟೆ ತುಂಬಿತೋ ಇಲ್ಲವೋ ಯಾರೂ ನೋಡಿರಲಿಲ್ಲ.

ಒಂದು ವರ್ಷ ಊರಮ್ಮನು ಹಟ ಹಿಡಿದು ಅಡಿಗೆ ಮನೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಜಂಬವ್ವನು ಹಿತ್ತಲಿಗೆ ಹೋಗಿ ಮೂರು ಕಲ್ಲು ಹೂಡಿ, ಪಕ್ಕದ ಮನೆಯಿಂದ ಗಡಿಗೆ ತಂದು, ಹುಳಿ ಕುದಿಸಿಯೇ ಬಿಟ್ಟಳು.

ಕಾಳಪ್ಪನಿಗೆ ಒಂದೇ ಆಸೆ ಉಳಿದಿತ್ತು. ಅಕ್ಕ ಒಂದು ಸಲವಾದರೂ ಕೂರಬೇಕು. ತಮ್ಮನು ಕೈಯಾರೆ ಮಾಡಿದ್ದನ್ನು ಬಿಸಿ ಬಿಸಿಯಾಗಿ ತಿನ್ನಬೇಕು.

ಇದಕ್ಕೆ ಕಾರಣವಿತ್ತು. ಕಾಳಪ್ಪನು ಚಿಕ್ಕವನಿದ್ದಾಗ ಅವರ ಅವ್ವ ನಸುಕಿನಲ್ಲೇ ಎದ್ದು ಅದಿರು ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ತಮ್ಮನಿಗೆ ಉಣಿಸುವುದು ಜಂಬವ್ವನ ಪಾಲಿಗೆ ಬಂದಿತ್ತು. ಅವಳೂ ಆಗ ಲಂಗದ ಹುಡುಗಿಯೇ. ಜೋಳದ ಮುದ್ದೆಯೆಂದರೆ ಕಾಳಪ್ಪನು ಮುಖ ತಿರುಗಿಸಿ ಓಡುತ್ತಿದ್ದನು. ಅವಳು ಮುದ್ದೆಯ ನಡುವೆ ಒಂದು ಚೂರು ಬೆಲ್ಲವನ್ನು ಬಚ್ಚಿಟ್ಟು, ಉರುಟಾಗಿ ಕಟ್ಟಿ, "ಇದರ ಹೊಟ್ಟ್ಯಾಗ ಏನೈತಿ ನೋಡೋಣ ಬಾರ್ಲೇ," ಎಂದು ಕರೆಯುತ್ತಿದ್ದಳು. ಬೆಲ್ಲ ಸಿಗುವ ತನಕ ಅವನು ತಿನ್ನುತ್ತಿದ್ದನು. ಬೆಲ್ಲ ಸಿಗುವ ಹೊತ್ತಿಗೆ ಮುದ್ದೆ ಮುಗಿದಿರುತ್ತಿತ್ತು. ಅವಳು ತನ್ನ ಮುದ್ದೆಯಲ್ಲಿ ಬೆಲ್ಲ ಇಟ್ಟುಕೊಂಡದ್ದನ್ನು ಅವನು ಎಂದೂ ಕಂಡಿರಲಿಲ್ಲ.

ಈ ವರ್ಷ ದಾರಿ ತೋರಿಸಿದವಳು ಸೊಸೆ ಪಲ್ಲವಿ. ಮಗ ಕಿರಣ್ ಕುಮಾರನೂ ಪಲ್ಲವಿಯೂ ಹೊಸಪೇಟೆಯಲ್ಲಿದ್ದರು. ಅವನು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್, ಅವಳು ಔಷಧದ ಅಂಗಡಿಯಲ್ಲಿ ಫಾರ್ಮಸಿಸ್ಟ್. ಒಂದು ಭಾನುವಾರ ಐದು ವರ್ಷದ ಮಗಳು ಸಂಘಮಿತ್ರಾಳನ್ನು ಕರೆದುಕೊಂಡು ಬಂದಾಗ ಪಲ್ಲವಿ ಹೇಳಿದಳು: "ಮಾವ, ದೊಡ್ಡತ್ತಿ ಬಂದಾಗ ಹಿತ್ತಲದಾಗ ಬಾರ್ಬೆಕ್ಯು ಮಾಡೋಣ್ರಿ. ಕೆಂಡದ ಮ್ಯಾಲೆ ಬರ್ಗರ್ ಸುಡೋಣು. ಸುಮ್ನ ಬರ್ಗರ್ ಅಲ್ರಿ, ಹೊಟ್ಟ್ಯಾಗ ಚೀಸ್ ತುಂಬಿದ್ದು."

ಕಾಳಪ್ಪನು ಕುಡಿಯುತ್ತಿದ್ದ ಚಹಾವನ್ನು ಕೆಳಗಿಟ್ಟನು. "ಅದಕ್ಕ ಅಡಿಗಿ ಮನಿ ಬೇಕೇನವ್ವ?"

"ಬ್ಯಾಡ್ರಿ."

"ಒಲಿ?"

"ಬ್ಯಾಡ್ರಿ. ಕೆಂಡ ಇದ್ರ ಸಾಕು."

"ರೊಟ್ಟಿ ಬಡಿಯೋದು?"

"ಬನ್ನು ಬೇಕರಿಯಿಂದ ತರ್ತೀವಲ್ರಿ."

"ನಮ್ಮ ಅಕ್ಕಗ ಮಾಡಾಕ ಬರ್ತೈತೇನು?"

"ಅವ್ರು ನೋಡೇ ಇಲ್ಲಲ್ರಿ ಮಾವ."

ಕಾಳಪ್ಪನು ಎದ್ದು ನಿಂತನು. ಅಡಿಗೆ ಮನೆಯೇ ಬೇಡದ ಅಡಿಗೆ. ಬಡಿಯಲು ರೊಟ್ಟಿಯಿಲ್ಲದ ಊಟ. ಅಕ್ಕನು ಹೆಸರನ್ನೂ ಕೇಳದ ತಿಂಡಿ. ಇಂಥದೊಂದು ಲೋಕದಲ್ಲಿದ್ದರೂ ಇಷ್ಟು ವರ್ಷ ತನಗೆ ಯಾರೂ ಹೇಳಲಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. "ನಾ ಮಾಡ್ತೀನಿ. ಯಾರೂ ಕೈ ಹಚ್ಚಬ್ಯಾಡ್ರಿ," ಎಂದನು.

"ಮೂವತ್ತು ವರ್ಷ ಸ್ಟೇರಿಂಗ್ ಹಿಡದ ಕೈಯಿ," ಎಂದಳು ಊರಮ್ಮ ಸೊಸೆಯ ಕಡೆ ತಿರುಗಿ. "ಇವತ್ತಿಗೂ ಚಹಾ ಸೋಸಂದ್ರ ಅರ್ಧ ಕಟ್ಟಿ ಮ್ಯಾಲೆ ಸೋಸ್ತಾರ. ಬರಗಾರ ಮಾಡ್ತಾರಂತ."

"ಬರ್ಗರ್, ಅತ್ತಿ."

"ಏನರ ಆಗ್ಲಿ. ಸುಟ್ಟ ಮ್ಯಾಲೆ ಎಲ್ಲಾ ಕರ್ರಗ ಇರ್ತೈತಿ."

ಕಾಳಪ್ಪನು ಮರುದಿನವೇ ಅಭ್ಯಾಸಕ್ಕೆ ತೊಡಗಿದನು. ಪಲ್ಲವಿ ಹೇಳಿಕೊಟ್ಟ ಕ್ರಮ ಸುಲಭವಾಗಿತ್ತು: ಕೊಚ್ಚಿದ ಮಾಂಸದ ಕೈಮಾಕ್ಕೆ ಮಸಾಲೆ ಕಲಸಿ ಎರಡು ತೆಳ್ಳನೆಯ ಬಿಲ್ಲೆ ತಟ್ಟಬೇಕು, ಒಂದರ ನಡುವೆ ಹೂರಣವಿಟ್ಟು ಇನ್ನೊಂದನ್ನು ಮುಚ್ಚಬೇಕು, ಸುತ್ತಲೂ ಅಂಚನ್ನು ಒತ್ತಿ ಬಾಯಿ ಕಟ್ಟಬೇಕು, ನಡುವೆ ಹೆಬ್ಬೆರಳಿನಿಂದ ಸ್ವಲ್ಪ ಅದುಮಬೇಕು, ಇಲ್ಲವಾದರೆ ಕೆಂಡದ ಮೇಲೆ ಉಬ್ಬಿ ಬಾಯಿ ಬಿಡುತ್ತದೆ. ದಿನಾ ಕೈಮಾ ತಂದು ಕೆಡಿಸಲು ಊರಮ್ಮನು ಬಿಡುವಳೇ? ಅವನು ಹಿತ್ತಲಿನ ಕೆಮ್ಮಣ್ಣನ್ನು ನೀರು ಹಾಕಿ ಹದವಾಗಿ ಕಲಸಿ, ಒಳಗೆ ಹುಣಸೆ ಬೀಜ ತುಂಬಿ, ಬಿಲ್ಲೆ ತಟ್ಟಿ ತಟ್ಟಿ ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಇಟ್ಟನು. ವಾರವೊಂದರಲ್ಲಿ ಗೋಡೆ ತುಂಬಿತು.

ಎದುರು ಮನೆಯ ಪಕ್ಕೀರಪ್ಪನು, ಕಂಪನಿಯ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದವನು, ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದನು. "ಡ್ರೈವರ್ರ, ಶಗಣಿ ಕುಳ್ಳು ಬಡಿಯಾಕತ್ತೀರೇನ್ರಿ? ಎಮ್ಮಿ ಯಾವಾಗ ತಂದ್ರಿ?"

"ಬರ್ಗರ್ ಪಕ್ಕೀರಪ್ಪ."

"ಮಣ್ಣಿಂದು?"

"ಟ್ರಯಲ್."

ಪಕ್ಕೀರಪ್ಪನು ಒಂದನ್ನು ಮುರಿದು ನೋಡಿದನು. ಹುಣಸೆ ಬೀಜ ಸರಿಯಾಗಿ ನಟ್ಟ ನಡುವೆ ಇತ್ತು. "ಫಿನಿಶಿಂಗ್ ಭಾಳ ಮಸ್ತ್ ಐತಿ," ಎಂದು ತಲೆದೂಗಿದನು. ಬಾರ್ಬೆಕ್ಯು ಎಂದರೆ ಏನೆಂದು ಕೇಳಿ ತಿಳಿದುಕೊಂಡ ಮೇಲೆ ಅವನಿಗೂ ಹುರುಪು ಹತ್ತಿತು. ಹಳೆಯ ಲಾರಿಯ ಬ್ರೇಕ್ ಡ್ರಮ್ಮೊಂದನ್ನು ಉರುಳಿಸಿಕೊಂಡು ಬಂದು, ಇಟ್ಟಿಗೆಗಳ ಮೇಲೆ ಕೂರಿಸಿ, ಮೇಲೆ ಕಬ್ಬಿಣದ ಸರಳುಗಳ ಜಾಲರಿಯನ್ನು ಬೆಸೆದುಕೊಟ್ಟನು. "ಲೋಡ್ ಗಾಡಿ ನಿಲ್ಲಸಿದ್ದ ಡ್ರಮ್ಮು. ನಿಮ್ಮ ಕೈಮಾ ತಡಿಯಾಕ ಏನು," ಎಂದನು.

ಗೊತ್ತುಮಾಡಿದ ಭಾನುವಾರ ಬಂದಿತು. ಕಿರಣ್ ಕುಮಾರನು ಸಂಡೂರಿನಿಂದ ಕೈಮಾ ತಂದನು, ಪಲ್ಲವಿ ಹೊಸಪೇಟೆಯ ಬೇಕರಿಯ ಬನ್ನುಗಳನ್ನೂ ಚೀಸನ್ನೂ ತಂದಳು. ಕಾಳಪ್ಪನು ತಲೆಗೆ ಟವೆಲು ಸುತ್ತಿಕೊಂಡು ಬೇವಿನ ಮರದ ಕೆಳಗೆ ಕುಳಿತನು. ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಕೊತ್ತಂಬರಿ, ಹಿಡಿತಕ್ಕೆ ಪುಟಾಣಿ ಹಿಟ್ಟು ಹಾಕಿ ಕೈಮಾ ನಾದಿದನು. ಚೀಸಿನ ಜೊತೆ ಹೆಚ್ಚಿದ ಹಸಿ ಮೆಣಸಿನಕಾಯಿ ಸೇರಿಸಿ ಹೂರಣ ಮಾಡಿಕೊಂಡನು. ಬಿಲ್ಲೆಗಳು ಅವನ ಕೈಯಿಂದ ಒಂದರ ಹಿಂದೊಂದು ಉರುಟಾಗಿ ಇಳಿದವು. ಪಕ್ಕೀರಪ್ಪನೂ ಸೇರಿ ತಲೆಗೊಂದರಂತೆ ಏಳು. ಊರಮ್ಮನಿಗೆ ಹಾಸ್ಯ ಮಾಡಲು ಏನೂ ಸಿಗದೆ, "ಉಗುರು ತಕ್ಕೊಂಡೀರೇನು?" ಎಂದು ಮಾತ್ರ ಕೇಳಿದಳು.

ಏಳನೆಯದನ್ನು ತಟ್ಟುವಾಗ ಅವನು ಸುತ್ತ ನೋಡಿದನು. ಯಾರೂ ಇತ್ತ ನೋಡುತ್ತಿರಲಿಲ್ಲ. ಅಂಗಿಯ ಜೇಬಿನಿಂದ ಒಂದು ಬೆಲ್ಲದ ಚೂರು ತೆಗೆದನು. ಕಂಪ್ಲಿ ಆಲೆಮನೆಯ ಬೆಲ್ಲ, ಹೋದ ವರ್ಷ ಅಕ್ಕನೇ ತಂದದ್ದು. ಚೀಸಿನ ಹೂರಣದ ಬದಲು ಅದನ್ನು ಬಿಲ್ಲೆಯ ನಡುವೆ ಇಟ್ಟು ಮುಚ್ಚಿ, ಅಂಚು ಕಟ್ಟಿ, ಗುರುತಿಗೆ ಮೇಲೊಂದು ಲವಂಗ ಚುಚ್ಚಿದನು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಕ್ಕನ ಕಿವಿಗೆ ಬೀಳುತ್ತದೆ. ತನಗೆಂದೇ ಮಾಡಿದ್ದು ಎಂದು ಗೊತ್ತಾದರೆ ಅವಳು ಅದನ್ನು ಏಳು ತುಂಡು ಮಾಡಿ ಹಂಚುವವಳೇ.

ಅಷ್ಟರಲ್ಲಿ ಜಂಬವ್ವನು ಬಂದಳು. ಅಕ್ಕಿಯ ಚೀಲ ಇಳಿಸಿದಳು, ಕಾಲು ತೊಳೆದಳು, ಸೆರಗು ಸಿಕ್ಕಿಸಿದಳು, ಅಡಿಗೆ ಮನೆಗೆ ಹೋದಳು. ಅಲ್ಲಿ ಗ್ಯಾಸಿನ ಒಲೆ ತಣ್ಣಗಿತ್ತು. ಪಾತ್ರೆಗಳು ಬೋರಲು ಬಿದ್ದಿದ್ದವು. ಅವಳು ಮುಖ ಸಣ್ಣಗೆ ಮಾಡಿಕೊಂಡು ಹಿತ್ತಲಿಗೆ ಬಂದಳು.

"ಕಾಳ್ಯಾ, ಯಾರರ ಸತ್ತಾರೇನ್ಲೇ? ಒಲಿ ಹಚ್ಚಿಲ್ಲ."

"ಯಾರೂ ಸತ್ತಿಲ್ಲ ಅಕ್ಕ. ಇವತ್ತು ಅಡಿಗಿ ಹೊರಗ."

"ಹೊರಗ ಅಂದ್ರ?"

"ನಾನ ಮಾಡಾಕತ್ತೀನಿ."

ಜಂಬವ್ವನು ಊರಮ್ಮನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲಲ್ಲವ್ವ ನಿನಗ. ಮತ್ಯಾಕ ಇವ ಮಾಡಾಕತ್ತಾನ?"

"ಅವ್ರಿಗೇ ಹಿಡದೈತಿ ಯಕ್ಕ, ಜ್ವರ. ಒಂದು ವಾರ ಆತು," ಎಂದಳು ಊರಮ್ಮ.

ಬೇವಿನ ಮರದ ಕೆಳಗೆ ಒಂದು ಬಸ್ಸಿನ ಸೀಟಿತ್ತು. ಕಂಪನಿಯ ಹಳೆಯ ಬಸ್ಸನ್ನು ಗುಜರಿಗೆ ಹಾಕುವಾಗ ಕಾಳಪ್ಪನು ಕೇಳಿ ತಂದದ್ದು. ಇಬ್ಬರು ಕೂರುವ, ಸ್ಪ್ರಿಂಗು ಕಿರುಗುಟ್ಟುವ ಸೀಟು. ಅದರ ಮೇಲೆ ಅಕ್ಕನನ್ನು ಕೂರಿಸಿದನು. ಅವಳು ಕೂತಳೋ ಒರಗಿದಳೋ ಹೇಳಲು ಬಾರದ ಹಾಗೆ, ಮುಂದಿನ ಸ್ಟಾಪಿನಲ್ಲಿ ಇಳಿಯುವವಳಂತೆ, ಸೀಟಿನ ತುದಿ ಹಿಡಿದಳು. ಐದು ನಿಮಿಷಕ್ಕೆ ಎದ್ದು ಕಸಬರಿಗೆ ಹುಡುಕಿದಳು. ಊರಮ್ಮನು ಕಸಬರಿಗೆಯನ್ನು ಮೊದಲೇ ಬಚ್ಚಿಟ್ಟಿದ್ದಳು. ಜಂಬವ್ವನು ಬೇವಿನ ಎಲೆಗಳನ್ನು ಕೈಯಿಂದಲೇ ಆರಿಸತೊಡಗಿದಳು. ಪಲ್ಲವಿ ಮತ್ತೆ ಕೈ ಹಿಡಿದು ತಂದು ಕೂರಿಸಿದಳು.

ಕೆಂಡ ಚೆನ್ನಾಗಿ ಬಿದ್ದಿತು. ಕಾಳಪ್ಪನು ಏಳನ್ನೂ ಜಾಲರಿಯ ಮೇಲೆ ಜೋಡಿಸಿದನು. ಚರ್ ಚರ್ ಎಂದು ಶಬ್ದವಾಗಿ, ವಾಸನೆ ಬೀದಿಯ ತನಕ ಹೋಯಿತು. "ಈ ವಾಸನಿಗೆ ದರೋಜಿ ಕಾಡಿನ ಕರಡಿ ಎಲ್ಲಾ ಇಲ್ಲಿಗೇ ಬರ್ತಾವ ನೋಡ್ರಿ," ಎಂದು ಪಕ್ಕೀರಪ್ಪನು ಹೇಳಲು, ಸಂಘಮಿತ್ರಾ, "ಬರ್ಲಿ ತಾತ, ಅವಕ್ಕೂ ಕೊಡೋಣು," ಎಂದು ಕುಣಿದಳು. ಕಾಳಪ್ಪನ ಕಣ್ಣು ಲವಂಗದ ಮೇಲೆಯೇ ಇತ್ತು. ಮೇಲಿನ ಸಾಲು, ಎಡ ತುದಿ. ಎಲ್ಲವೂ ಸರಿಯಾಗಿತ್ತು. ಬನ್ನುಗಳನ್ನು ತರಲು ಅವನು ಒಳಗೆ ಹೋದನು.

ಬನ್ನುಗಳೊಂದಿಗೆ ಹೊರಗೆ ಬಂದಾಗ ಸೀಟು ಖಾಲಿಯಾಗಿತ್ತು. ಜಂಬವ್ವನು ಬ್ರೇಕ್ ಡ್ರಮ್ಮಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಚಿಮಟದಿಂದ ಕೊನೆಯ ಬಿಲ್ಲೆಯನ್ನು ತಿರುವಿ ಹಾಕುತ್ತಿದ್ದಳು.

"ಅಕ್ಕ!"

"ಒಂದು ಕಡೆ ಕರ್ರಗಾಗಾಕತ್ತಿದ್ವು. ನೀ ಎಲ್ಲಿ ಹೋಗಿದ್ದಿ?" ಎಂದಳು ಅವಳು ಶಾಂತವಾಗಿ. "ಅಂಚಿನಾಗ ಕೆಂಡ ಕಡಿಮಿ ಐತಿ ಅಂತ ಒಳಗಿನವು ಹೊರಗ, ಹೊರಗಿನವು ಒಳಗ ಮಾಡೀನಿ. ಮತ್ತ ಒಂದರಾಗ ಲವಂಗ ಸಿಕ್ಕೊಂಡಿತ್ತು. ಕೂಸಿನ ಹಲ್ಲಿಗೆ ಸಿಗತೈತಂತ ಕಿತ್ತು ಒಗದೆ."

ತುಂಬಿದ ಬಸ್ಸು ಇಳಿಜಾರಿನಲ್ಲಿರುವಾಗ ಬ್ರೇಕಿನ ಪೆಡಲು ಮೆತ್ತಗಾದರೆ ಹೇಗೋ ಹಾಗಾಯಿತು ಕಾಳಪ್ಪನಿಗೆ. "ಯಾವದರಾಗ ಇತ್ತು?"

"ಏನು?"

"ಲವಂಗ."

"ಯಾವದಾದ್ರೇನ್ಲೇ. ಹೋತಲ್ಲ."

ಕಾಳಪ್ಪನು ಜಾಲರಿಯನ್ನು ನೋಡಿದನು. ಏಳು ಬಿಲ್ಲೆಗಳು, ಏಳಕ್ಕೂ ಒಂದೇ ಬಣ್ಣ, ಒಂದೇ ಗಾತ್ರ. ಅಭ್ಯಾಸ ಹೆಚ್ಚಾದದ್ದೇ ತಪ್ಪಾಯಿತೆಂದು ಅವನಿಗೆ ಅನ್ನಿಸಿತು. ಸ್ವಲ್ಪ ಅಡ್ಡಾದಿಡ್ಡಿ ತಟ್ಟಿದ್ದರೆ ಗುರುತಾದರೂ ಸಿಗುತ್ತಿತ್ತು. ಬಗ್ಗಿ ಒಂದೊಂದನ್ನೂ ಮೂಸಿ ನೋಡಿದನು. ಬೆಲ್ಲದ ವಾಸನೆ ಬರಲಿಲ್ಲ. ಮೀಸೆ ಸುಟ್ಟ ವಾಸನೆ ಬಂದಿತು.

"ಮೀಸಿಗೆ ಮಸಾಲಿ ಹಚ್ಚಿದ್ರೇನ್ರಿ? ಛಲೋ ಬೆಂದೈತಿ," ಎಂದಳು ಊರಮ್ಮ.

ಇನ್ನು ತಡಮಾಡಿದರೆ ಎಲ್ಲವೂ ಕರಕಲಾಗುವಂತಿತ್ತು. ಕಾಳಪ್ಪನು ಧೈರ್ಯ ಮಾಡಿ, ಯಾವುದೋ ಒಂದು ಸ್ವಲ್ಪ ಹೆಚ್ಚು ಹೊಳೆಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಅದನ್ನು ಬನ್ನಿನ ನಡುವೆ ಇಟ್ಟು, ತಟ್ಟೆಯಲ್ಲಿ ಹಾಕಿ ಅಕ್ಕನ ಮುಂದೆ ಹಿಡಿದನು. "ತಗೋ ಅಕ್ಕ. ಮೊದಲ ನೀನು."

"ಕೂಸಿಗೆ ಮೊದಲ," ಎಂದು ಜಂಬವ್ವನು ತಟ್ಟೆಯನ್ನು ಹಾಗೆಯೇ ಸಂಘಮಿತ್ರಾಳಿಗೆ ದಾಟಿಸಿದಳು.

ಕಾಳಪ್ಪನು ಮೊಮ್ಮಗಳ ಮುಂದೆ ಮೊಣಕಾಲೂರಿ ಅವಳ ಬಾಯನ್ನೇ ನೋಡಿದನು. ಸಂಘಮಿತ್ರಾ ದೊಡ್ಡದಾಗಿ ಬಾಯಿ ತೆರೆದು ಕಚ್ಚಿದಳು.

"ಒಳಗ ಏನ್ ಬಂತು ಪುಟ್ಟಿ?"

"ದಾರ ಬಂತು ತಾತ," ಎಂದಳು ಮಗು, ಚೀಸಿನ ಎಳೆಯನ್ನು ತೋಳುದ್ದ ಎಳೆದು ತೋರಿಸುತ್ತ.

"ಅಬ್ಬಾ, ದಾರ," ಎಂದು ಕಾಳಪ್ಪನು ಉಸಿರು ಬಿಟ್ಟು ಎದ್ದನು. ಎರಡನೆಯದನ್ನು ಅಕ್ಕನ ಮುಂದೆ ಹಿಡಿದನು. ಅವಳು ಅದನ್ನು ಪಕ್ಕೀರಪ್ಪನಿಗೆ ಕೊಟ್ಟಳು. "ಬೆಂಕಿಗೆ ಡ್ರಮ್ಮು ಕೊಟ್ಟಾವ್ನು ನಿಂತಾನ, ನಾ ಹೆಂಗ ತಿನ್ಲಿ? ತಗೋಪ್ಪ."

ಪಕ್ಕೀರಪ್ಪನು ಕಚ್ಚಿದನು. ಅವನ ಪಾಲಿಗೆ ಮೆಣಸಿನಕಾಯಿಯ ದೊಡ್ಡ ತುಂಡು ಸಿಕ್ಕಿತ್ತು. ಕಣ್ಣಿನಲ್ಲಿ ನೀರು ಬಂದಿತು. ಕಾಳಪ್ಪನು ಅವನ ಮುಖದ ಹತ್ತಿರ ಮುಖ ತಂದು, "ಖಾರ ಐತೇನು?" ಎಂದು ಆಸೆಯಿಂದ ಕೇಳಿದನು.

"ಐತ್ರಿ," ಎಂದು ಪಕ್ಕೀರಪ್ಪನು ಸೊರ್ ಎಂದನು.

"ಭಾಳ ಛಲೋ ಆತು," ಎಂದು ಕಾಳಪ್ಪನು ಅವನ ಬೆನ್ನು ತಟ್ಟಿ ಹೋದನು. ಪಕ್ಕೀರಪ್ಪನು ತಾನು ಏನು ತಪ್ಪು ಮಾಡಿದೆನೆಂದು ಯೋಚಿಸುತ್ತ ನೀರಿನ ಚೊಂಬಿಗೆ ಕೈ ಹಾಕಿದನು.

ಮೂರನೆಯದು ಇನ್ನೂ ದೂರ ಪ್ರಯಾಣ ಮಾಡಿತು. ಜಂಬವ್ವನು ಅದನ್ನು ಪಲ್ಲವಿಗೆ ಕೊಟ್ಟಳು, "ಕೂಸಿನ ಹಿಂದ ಓಡಿ ಸೊರಗೀದಿ," ಎಂದು. ಪಲ್ಲವಿ, "ಅತ್ತಿ ತಿನ್ನೋದ್ಕಿಂತ ಮೊದಲ ನಾ ಹೆಂಗ ತಿನ್ಲ್ರಿ," ಎಂದು ಊರಮ್ಮನಿಗೆ ಕೊಟ್ಟಳು. ಊರಮ್ಮನು, "ತವರಿಗೆ ಬಂದ ಹೆಣಮಗಳು ಹಸ್ಕೊಂಡು ಕುಂತಾಳ, ನಂಗ್ಯಾಕ," ಎಂದು ಜಂಬವ್ವನಿಗೆ ಹಿಂದಿರುಗಿಸಿದಳು. ಜಂಬವ್ವನು ಮತ್ತೆ ಪಲ್ಲವಿಗೆ ಕೊಟ್ಟಳು. ತಟ್ಟೆ ಎರಡು ಸುತ್ತು ಬಂದಿತು. ಕಾಳಪ್ಪನು ಅದರ ಹಿಂದೆ ಎರಡು ಸುತ್ತು ಬಂದನು. ಮೂರನೆಯ ಸುತ್ತಿನಲ್ಲಿ, ಬೆಳಗಿನಿಂದ ಏನೂ ತಿಂದಿರದ ಕಿರಣ್ ಕುಮಾರನು ನಡುವೆ ಕೈ ಹಾಕಿ ಕಚ್ಚಿಯೇ ಬಿಟ್ಟನು.

"ಲೇ!" ಎಂದು ಕಾಳಪ್ಪನು ಮಗನ ದವಡೆ ಹಿಡಿದನು. "ಒಳಗೇನೈತಿ? ನುಂಗಬ್ಯಾಡ, ಹೇಳು."

"ಚೀಸ್ ಐತಪ್ಪಾ," ಎಂದನು ಕಿರಣ್ ಕುಮಾರ್ ಬಾಯಿ ತುಂಬಿಕೊಂಡೇ. "ಮತ್ತೇನಿರ್ತೈತಿ, ನೀನ ಇಟ್ಟಿದ್ದಲ್ಲ?"

ಪಲ್ಲವಿಗೆ ಸಂಶಯ ಬಂದಿತು. ಕೆಂಡ ಕೆದರುವ ನೆಪದಲ್ಲಿ ಮಾವನ ಪಕ್ಕ ಬಂದು ಮೆಲ್ಲಗೆ ಕೇಳಿದಳು: "ಮಾವ, ಒಂದರಾಗ ಬ್ಯಾರೆ ಏನರ ಇಟ್ಟೀರೇನ್ರಿ?"

ಕಾಳಪ್ಪನು ಅತ್ತಿತ್ತ ನೋಡಿ, "ಬೆಲ್ಲ," ಎಂದನು.

"ಬೆಲ್ಲಾ? ಕೈಮಾದಾಗ?"

"ಅಕ್ಕಗ."

ಪಲ್ಲವಿ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ಬೇವಿನ ಮರದ ಹಿಂದೆ ಹೋಗಿ ನಕ್ಕಳು. ನಗು ಮುಗಿದ ಮೇಲೆ ಅತ್ತೆಯ ಕಿವಿಯಲ್ಲಿ ಹೇಳಿದಳು. ಊರಮ್ಮನು ಮಗನ ಕಿವಿಯಲ್ಲಿ ಹೇಳಿದಳು. ಮಗನು ಪಕ್ಕೀರಪ್ಪನ ಕಿವಿಯಲ್ಲಿ ಹೇಳಿದನು. ಪಕ್ಕೀರಪ್ಪನಿಗೆ ಈಗ ಎಲ್ಲವೂ ಅರ್ಥವಾಗಿ, ಖಾರದ ಕಣ್ಣೀರನ್ನು ಒರೆಸಿಕೊಳ್ಳುತ್ತಲೇ ನಗತೊಡಗಿದನು. ಗುಟ್ಟು ಹಿತ್ತಲನ್ನೆಲ್ಲ ಸುತ್ತಿ, ಜಂಬವ್ವನನ್ನೂ ಮಗುವನ್ನೂ ಬಿಟ್ಟು ಎಲ್ಲರನ್ನೂ ಮುಟ್ಟಿತು.

ಇನ್ನು ಉಳಿದದ್ದು ನಾಲ್ಕು. ಪಲ್ಲವಿ ಒಂದನ್ನು ತೆಗೆದುಕೊಂಡು, ಗಣಿಯಲ್ಲಿ ಮದ್ದು ಸಿಡಿಯುವ ಮುಂಚೆ ಕಿವಿ ಮುಚ್ಚಿಕೊಂಡವರ ಹಾಗೆ ಕಣ್ಣು ಮುಚ್ಚಿ, ಅಂಚನ್ನು ಸ್ವಲ್ಪವೇ ಕಚ್ಚಿದಳು. ಎಲ್ಲರೂ ಉಸಿರು ಹಿಡಿದರು. ಇನ್ನೂ ಒಂದು ಸಲ ಕಚ್ಚಿ ತಲೆ ಅಲ್ಲಾಡಿಸಿದಳು. ಎಲ್ಲರೂ ಉಸಿರು ಬಿಟ್ಟರು. ಊರಮ್ಮನು ತನ್ನದನ್ನು ಕಚ್ಚಿದಳು. ಅವಳೂ ತಲೆ ಅಲ್ಲಾಡಿಸಿದಳು. ಕಿರಣ್ ಕುಮಾರನು ಸಂತೋಷಕ್ಕೆ ಚಪ್ಪಾಳೆ ತಟ್ಟಿದನು.

ಜಂಬವ್ವನು ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಎಲ್ಲಾರೂ ತಿಂದು ತಿಂದು ತಲಿ ಯಾಕ ಅಲ್ಲಾಡಸ್ತೀರಿ? ರುಚಿ ಇಲ್ಲಂತಾನೇನು? ಪಾಪ, ಅವ ಕಷ್ಟಪಟ್ಟು ಮಾಡ್ಯಾನ. ರುಚಿ ಐತಿ ಅನ್ರಿ."

"ಭಾಳ ರುಚಿ ಐತಿ ಯಕ್ಕ," ಎಂದಳು ಊರಮ್ಮ, ಮತ್ತೆ ತಲೆ ಅಲ್ಲಾಡಿಸಿ.

ಜಾಲರಿಯ ಮೇಲೆ ಎರಡು ಉಳಿದವು. ಒಂದು ಕಾಳಪ್ಪನದು, ಒಂದು ಜಂಬವ್ವನದು. ಕಾಳಪ್ಪನು ಎರಡು ತಟ್ಟೆಗಳಲ್ಲಿ ಹಾಕಿಕೊಂಡು ಬಂದನು. ಜಂಬವ್ವನು ಎದ್ದು ನಿಂತು ಎರಡನ್ನೂ ತೂಗಿ ನೋಡಿದಳು. ಒಂದು ಬನ್ನು ಕೂದಲೆಳೆಯಷ್ಟು ದೊಡ್ಡದಿತ್ತು. "ಇದು ನಿನಗ," ಎಂದು ಅದನ್ನು ತಮ್ಮನಿಗೆ ಕೊಟ್ಟಳು. "ಬೆಂಕಿ ಮುಂದ ನಿಂತೀದಿ. ನೀ ತಿನ್ನು. ನಂದು ಇಲ್ಲಿಟ್ಟಿರ್ತೀನಿ, ಕಿರಣಂಗ ಬೇಕಾದ್ರ ಬೇಕಾಗತೈತಿ. ನಾ ಅಷ್ಟರಾಗ ಪಾತ್ರಿ ತೊಳ್ದು ಬರ್ತೀನಿ."

"ನಂಗ ಬ್ಯಾಡ ಅತ್ತಿ," ಎಂದನು ಕಿರಣ್ ಕುಮಾರ್, ಜೀವಮಾನದಲ್ಲಿ ಮೊದಲ ಸಲ.

ಜಂಬವ್ವನು ಆಗಲೇ ಎರಡು ಹೆಜ್ಜೆ ಇಟ್ಟಿದ್ದಳು. ಕಾಳಪ್ಪನು ಏನು ಮಾಡಬೇಕೆಂದು ತಿಳಿಯದೆ ತಟ್ಟೆ ಹಿಡಿದು ನಿಂತನು. ಹಾಗೆ ನಿಂತಾಗ, ಯೋಚಿಸದೆಯೇ, ಮೂವತ್ತು ವರ್ಷದ ಮಾತು ಅವನ ಬಾಯಿಂದ ಬಂದಿತು.

"ಎಲ್ಲಾರೂ ಕುಂತೀರೇನಪ್ಪಾ?"

ಪಕ್ಕೀರಪ್ಪನು ಆ ಬಸ್ಸಿನಲ್ಲಿಯೇ ಓಡಾಡಿದವನು. ಥಟ್ಟನೆ ಕಟ್ಟೆಯ ಮೇಲೆ ಕುಳಿತನು. ಕಿರಣ್ ಕುಮಾರ್ ಕುಳಿತನು. ಪಲ್ಲವಿ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಕುಳಿತಳು. ಊರಮ್ಮನು, "ಕುಂತೀವ್ರಿ ಡ್ರೈವರ್ರ," ಎನ್ನುತ್ತ ಬಾಗಿಲ ಹೊಸ್ತಿಲ ಮೇಲೆ, ಅಡಿಗೆ ಮನೆಗೆ ಹೋಗುವ ದಾರಿಗೆ ಸರಿಯಾಗಿ ಅಡ್ಡ, ಕುಳಿತಳು.

"ಒಬ್ರು ನಿಂತಾರ," ಎಂದನು ಕಾಳಪ್ಪ. "ಗಾಡಿ ಹೊಂಡಂಗಿಲ್ಲ."

"ಏನ್ ಗಾಡೀಲೇ? ತಿನ್ನು, ಆರತೈತಿ."

"ನೀ ಕುಂದ್ರೋತನ ನಾ ಬಾಯಾಗ ಹಾಕಂಗಿಲ್ಲ ಅಕ್ಕ. ಆರ್ಲಿ. ಉಪಾಸ ಮಲಗ್ತೀನಿ ಬೇಕಾದ್ರ."

ಜಂಬವ್ವನಿಗೆ ಜಗತ್ತಿನಲ್ಲಿ ತಡೆಯಲಾಗದ ಸಂಗತಿ ಒಂದೇ ಇತ್ತು: ತಮ್ಮನು ಅನ್ನದ ಮುಂದೆ ಮುಖ ತಿರುಗಿಸಿ ನಿಲ್ಲುವುದು. ಅರವತ್ತು ದಾಟಿದರೂ ಅವನು ನಿಂತ ಭಂಗಿ ಅದೇ, ಕೆಳತುಟಿ ಮುಂದೆ ಬಂದದ್ದೂ ಅದೇ. ಅವಳು ಗೊಣಗುತ್ತ ಹಿಂದಿರುಗಿ ಬಂದು ಬಸ್ಸಿನ ಸೀಟಿನ ತುದಿ ಹಿಡಿದಳು.

"ಹಿಂದ ಸರದು ಕುಂದ್ರು. ಬ್ರೇಕ್ ಹಾಕಿದ್ರ ಬೀಳ್ತೀ."

ಅವಳು ಹಿಂದೆ ಸರಿದು ಕುಳಿತಳು. ಸ್ಪ್ರಿಂಗು ಕಿರ್ ಎಂದಿತು. ಕಾಳಪ್ಪನು ಅವಳ ತಟ್ಟೆಯನ್ನು ಅವಳ ಕೈಯಲ್ಲಿಟ್ಟು, ತನ್ನದನ್ನು ಹಿಡಿದು ಪಕ್ಕದಲ್ಲಿ ಕುಳಿತನು. "ಇದರ ಹೊಟ್ಟ್ಯಾಗ ಏನೈತಿ ನೋಡೋಣ ತಿನ್ನು," ಎಂದನು.

ಜಂಬವ್ವನು ಅವನ ಕಡೆ ಒಮ್ಮೆ ನೋಡಿದಳು. ಇಬ್ಬರೂ ಒಟ್ಟಿಗೆ ಕಚ್ಚಿದರು.

ಕಾಳಪ್ಪನ ಬಾಯಿಗೆ ಚೀಸು ಬಂದಿತು, ಮೆಣಸಿನಕಾಯಿಯೂ ಬಂದಿತು. ಆ ಖಾರಕ್ಕೆ ಅವನ ಮುಖ ಅರಳಿದ್ದನ್ನು ಕಂಡು ಎಲ್ಲರಿಗೂ ವಿಷಯ ತಿಳಿಯಿತು. ಜಂಬವ್ವನು ಅಗಿಯುತ್ತಿದ್ದಳು. ಅಗಿಯುವುದು ನಿಧಾನವಾಯಿತು. ನಿಂತಿತು. ಕರಗಿದ ಬೆಲ್ಲದ ಒಂದು ಎಳೆ ಅವಳ ತುಟಿಯ ತುದಿಯಿಂದ ಇಳಿಯುತ್ತಿತ್ತು. ಅದನ್ನು ಬೆರಳಿನಿಂದ ಒರೆಸಿ, ಬೆರಳನ್ನು ನೋಡಿ, ನೆಕ್ಕಿದಳು.

"ಲೇ ಕಾಳ್ಯಾ."

"ಹೂಂ."

"ನಾ ಮುದ್ದ್ಯಾಗ ಇಡ್ತಿದ್ನಿ."

"ಹೂಂ."

"ಕೈಮಾದಾಗ ಯಾವ ಹುಚ್ಚ ಇಡ್ತಾನ್ಲೇ ಬೆಲ್ಲಾನ?"

ಹೀಗೆಂದು ಅವಳು ನಗತೊಡಗಿದಳು. ಮೊದಲು ಭುಜ ನಕ್ಕಿತು, ಆಮೇಲೆ ಹೊಟ್ಟೆ ನಕ್ಕಿತು, ಆಮೇಲೆ ಸೀಟಿನ ಸ್ಪ್ರಿಂಗುಗಳೆಲ್ಲ ಕಿರುಗುಟ್ಟಿ ನಕ್ಕವು. ತಡೆದುಕೊಂಡಿದ್ದ ಪಲ್ಲವಿಯ ನಗು ಒಡೆಯಿತು. ಪಕ್ಕೀರಪ್ಪನಿಗೆ ಬಿಕ್ಕಳಿಕೆ ಹತ್ತಿತು. ಸಂಘಮಿತ್ರಾ ಯಾಕೆಂದು ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕಳು. ಊರಮ್ಮನು ನಗುತ್ತಲೇ, ಲವಂಗ ಕಿತ್ತು ಒಗೆದವರು ಯಾರೆಂದು ವಿವರಿಸಲು, ಜಂಬವ್ವನು ಹಣೆ ಬಡಿದುಕೊಂಡು ಇನ್ನೊಂದು ಸುತ್ತು ನಕ್ಕಳು.

ನಗುವಿನ ನಡುವೆಯೂ ಅವಳು ತಿನ್ನುವುದನ್ನು ಬಿಡಲಿಲ್ಲ. ಅರ್ಧ ಮುರಿದು ತಮ್ಮನಿಗೆ ಕೊಡಲು ಕೈ ಒಮ್ಮೆ ಮುಂದೆ ಬಂದಿತು. ಅವನು ತಲೆ ಅಲ್ಲಾಡಿಸಿದನು. ಕೈ ಹಿಂದೆ ಹೋಯಿತು. ಬನ್ನಿನ ಕೊನೆಯ ತುಂಡಿನಿಂದ ತಟ್ಟೆಗೆ ಅಂಟಿದ ಬೆಲ್ಲವನ್ನು ಒರೆಸಿ ಬಾಯಿಗೆ ಹಾಕಿಕೊಂಡಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಜಾಲರಿಯ ಕಡೆ ಕತ್ತು ಚಾಚಿ ನೋಡಿ ಕೇಳಿದಳು:

"ಇನ್ನೊಂದು ಐತೇನ್ಲೇ?"

ಆ ಮನೆಯಲ್ಲಿ ಜಂಬವ್ವನು ಏನನ್ನಾದರೂ ಕೇಳಿದ್ದು ಯಾರಿಗೂ ನೆನಪಿರಲಿಲ್ಲ. ಊರಮ್ಮನು ಗಂಡನ ಕಡೆ ನೋಡಿ, "ಕೇಳಿಸ್ತೇನ್ರಿ?" ಎಂದಳು, ಮೆಲುದನಿಯಲ್ಲಿ.

ಜಾಲರಿ ಖಾಲಿಯಾಗಿತ್ತು. ಕಾಳಪ್ಪನು ಎದ್ದನು, ಮತ್ತೆ ಕೂತನು, ಮತ್ತೆ ಎದ್ದನು. "ಕಿರಣಾ, ಗಾಡಿ ತಗಿ. ಸಂಡೂರಿಗೆ ಹೋಗು. ಕೈಮಾ ತಗೊಂಡು ಬಾ, ಜಲ್ದಿ. ಪಲ್ಲವಿ, ಈರುಳ್ಳಿ ಹೆಚ್ಚವ್ವ. ಪಕ್ಕೀರಪ್ಪ, ಇದ್ದಿಲು," ಎನ್ನುತ್ತ ಬೆಲ್ಲದ ಡಬ್ಬಿಯನ್ನು ಹುಡುಕಲು ಒಳಗೆ ಓಡಿದನು. ಓಡಿದವನು ಬಾಗಿಲಲ್ಲಿ ನಿಂತು ತಿರುಗಿ, "ಒಂದು ತಾಸು ಹಿಡೀತೈತಿ ಅಕ್ಕ," ಎಂದನು, ಅವಳು ಎದ್ದು ಹೋಗಿಬಿಡುವಳೋ ಎಂಬ ದಿಗಿಲಿನಿಂದ.

"ಹಿಡೀಲಿ. ನಾ ಕುಂತಿರ್ತೀನಿ," ಎಂದಳು ಜಂಬವ್ವ.

ಅವಳು ಚಪ್ಪಲಿ ಕಳಚಿ, ಎರಡೂ ಕಾಲುಗಳನ್ನು ಸೀಟಿನ ಮೇಲೆ ಎತ್ತಿಟ್ಟುಕೊಂಡು, ಖಾಲಿ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಕಾಳಪ್ಪನು ಮೊರ ತಂದು ಕೆಂಡಕ್ಕೆ ಗಾಳಿ ಹಾಕತೊಡಗಿದನು. ಬೂದಿ ಎದ್ದು ಅವನ ಸುಟ್ಟ ಮೀಸೆಯ ಮೇಲೆ ಬಿದ್ದಿತು.

"ಮೆಲ್ಲಕ ಬೀಸ್ಲೇ, ಕಣ್ಣಾಗ ಹೋಗತೈತಿ," ಎಂದಳು ಜಂಬವ್ವ, ಕುಳಿತಲ್ಲಿಂದಲೇ.